ಉತ್ತರ ಸಿಕ್ಕಿತು, ಕಲಿಕೆ ಆಯಿತೇ?

(ಹೆತ್ತವರ ಹಾಗೂ ಅಧ್ಯಾಪಕರ ಸಭೆಯಲ್ಲಿ ಮಾಡಿದ ಭಾಷಣ)



2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ಮುಕ್ತವಾಯಿತು. ಅಂದಿನಿಂದ ಕೃತಕ ಬುದ್ಧಿಮತ್ತೆಯು ನಮ್ಮ ಮಕ್ಕಳ ಪುಸ್ತಕಗಳ ನಡುವೆಯೂ ಸ್ಥಾನ ಪಡೆದಿದೆ. ಮಗನ ನೋಟ್ ಪುಸ್ತಕದಲ್ಲಿ ತಪ್ಪುಗಳೇ ಇಲ್ಲವೆಂದು ತಾಯಿ ಸಂತೋಷಪಡುತ್ತಾರೆ. ಆದರೆ ಆ ಉತ್ತರ ಮಗನ ತಲೆಯಿಂದ ಬಂತೇ ಅಥವಾ ಮೊಬೈಲಿನಿಂದ ಇಳಿಯಿತೇ ಎಂದು ಕೇಳುವವರು ವಿರಳ.

ತುರ್ಕಿಯ ಪ್ರೌಢಶಾಲೆಯೊಂದರಲ್ಲಿ 2023ರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳೊಂದಿಗೆ ಗಣಿತ ಕಲಿಕೆಯ ಪ್ರಯೋಗವೊಂದು ನಡೆಯಿತು. ನಡೆಸಿದವರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರಿದ್ದರು. ಒಂದು ಗುಂಪಿಗೆ ಪಠ್ಯ ಮತ್ತು ಟಿಪ್ಪಣಿ ಮಾತ್ರ. ಎರಡನೆಯದಕ್ಕೆ ಕೇಳಿದ್ದಕ್ಕೆಲ್ಲ ಉತ್ತರಿಸುವ ಸಾಧನ. ಮೂರನೆಯದಕ್ಕೆ, ಅಧ್ಯಾಪಕರ ನೆರವಿನಿಂದ ರೂಪಿಸಿದ, ಉತ್ತರ ಹೇಳದೆ ಸುಳಿವು ನೀಡುವ ಸಾಧನ. ಮೊದಲ ಗುಂಪಿಗೆ ಹೋಲಿಸಿದರೆ ಅಭ್ಯಾಸದ ವೇಳೆ ಎರಡನೆಯ ಗುಂಪಿನ ಸಾಧನೆ ಶೇಕಡಾ 48ರಷ್ಟು, ಮೂರನೆಯದರದ್ದು ಶೇಕಡಾ 127ರಷ್ಟು ಹೆಚ್ಚಿತ್ತು. ಬಳಿಕ ಸಾಧನವನ್ನು ಹಿಂಪಡೆದು ಪರೀಕ್ಷೆ ನಡೆಸಲಾಯಿತು. ಆಗ ಎರಡನೆಯ ಗುಂಪು ಮೊದಲನೆಯದಕ್ಕಿಂತ ಶೇಕಡಾ 17ರಷ್ಟು ಹಿಂದೆ ಬಿತ್ತು. ತಾವು ಹಿಂದುಳಿದಿದ್ದೇವೆಂಬ ಅರಿವೂ ಆ ಮಕ್ಕಳಿಗಿರಲಿಲ್ಲ. ಸುಳಿವು ಪಡೆದವರಿಗೆ ಈ ನಷ್ಟ ಬಹುಮಟ್ಟಿಗೆ ತಪ್ಪಿತು.

ಹಾಗಾದರೆ ಕೆಡುಕು ಸಾಧನಕ್ಕಿಂತ ಹೆಚ್ಚಾಗಿ ಅದನ್ನು ಬಳಸುವ ರೀತಿಯಲ್ಲಿದೆ. ಲೆಕ್ಕದ ಮುಂದೆ ಕುಳಿತು ಪರದಾಡುವ ಆ ಹತ್ತು ನಿಮಿಷಗಳೇ ಕಲಿಕೆ. ಅದನ್ನು ಬೇರೆಯವರಿಗೆ ವಹಿಸಿದರೆ ಉಳಿಯುವುದು ನಕಲು ಮಾತ್ರ.

ಈ ಸಾಧನ ಸತ್ಯವನ್ನು ಪರಿಶೀಲಿಸಿ ಮಾತಾಡುವುದೆಂದು ಭಾವಿಸುವುದೂ ಸರಿಯಲ್ಲ. ಮುಂದೆ ಯಾವ ಪದ ಬರುವ ಸಂಭವವಿದೆ ಎಂದು ಲೆಕ್ಕಹಾಕಿ ಅದು ವಾಕ್ಯ ಕಟ್ಟುತ್ತದೆ. ಆದ್ದರಿಂದಲೇ ಸುಳ್ಳನ್ನೂ ಅಷ್ಟೇ ದೃಢವಾಗಿ ಹೇಳಬಲ್ಲದು. ಅದು ಕಲ್ಪಿಸಿ ಕೊಟ್ಟ, ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದ್ದಕ್ಕಾಗಿ 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಕಾನೂನು ಓದಿದವರೇ ಮೋಸಹೋದರೆ ಏಳನೆಯ ತರಗತಿಯ ಮಗುವಿನ ಪಾಡೇನು?

ಹಾಗೆಂದು ನಿಷೇಧ ಪರಿಹಾರವಲ್ಲ. ಟ್ಯೂಷನ್‌ಗೆ ಹಣವಿಲ್ಲದ, ಪಾಠ ಹೇಳಿಕೊಡುವವರಿಲ್ಲದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಒಂದೇ ವಿಷಯವನ್ನು ಹತ್ತು ಬಾರಿ ಕೇಳಿದರೂ ಬೇಸರಿಸದೆ ಕನ್ನಡದಲ್ಲೇ ವಿವರಿಸುವ ಸಾಧನ ಅಂತಹ ಮಗುವಿಗೆ ದೊಡ್ಡ ಆಸರೆ. ತರಗತಿಯ ಹಿಂದುಳಿದ ಮಕ್ಕಳಿಗಾಗಿ ಸುಲಭದ ಪ್ರಶ್ನೆಗಳನ್ನು ಸಿದ್ಧಪಡಿಸಲು ಅಧ್ಯಾಪಕರಿಗೂ ಇದು ನೆರವಾಗುತ್ತದೆ.

ಆದ್ದರಿಂದ ಮನೆಯಲ್ಲಿ ಕೆಲವು ಶಿಸ್ತುಗಳನ್ನು ರೂಢಿಸೋಣ. ಮೊದಲು ಮಗು ಸ್ವತಃ ಪ್ರಯತ್ನಿಸಲಿ. ಆಮೇಲೆ ಉತ್ತರದ ಬದಲು ಸುಳಿವನ್ನು ಕೇಳಲಿ. ಸಿಕ್ಕಿದ ಮಾಹಿತಿಯನ್ನು ಪಠ್ಯಪುಸ್ತಕದೊಂದಿಗೆ ತಾಳೆ ನೋಡಲಿ. ಕೊನೆಗೆ ಮೊಬೈಲ್ ಬದಿಗಿಟ್ಟು ಕಲಿತದ್ದನ್ನು ತಾಯಿಗೆ ವಿವರಿಸಲಿ. ತಾಯಿಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ, ಮಗು ಎಲ್ಲಿ ತಡವರಿಸುತ್ತದೆಂದು ಅವರಿಗೆ ತಿಳಿಯುತ್ತದೆ. ತರಗತಿಯಲ್ಲಿ ಇದರ ಬಳಕೆಗೆ ಕನಿಷ್ಠ 13 ವರ್ಷವಾಗಿರಬೇಕೆಂದು ಯುನೆಸ್ಕೋ 2023ರಲ್ಲಿ ಸಲಹೆ ನೀಡಿದೆ. ಮಕ್ಕಳ ಹೆಸರು, ಭಾವಚಿತ್ರ, ಅಂಕಪಟ್ಟಿಗಳನ್ನು ಅದಕ್ಕೆ ಒಪ್ಪಿಸದಿರೋಣ.

ಅಧ್ಯಾಪಕರಲ್ಲಿ ಒಂದು ವಿನಂತಿ. ಮನೆಯಿಂದ ಬರೆದು ತಂದ ಅಂದದ ಪ್ರಬಂಧಕ್ಕಿಂತ, ತರಗತಿಯಲ್ಲಿ ಮಗು ತನ್ನದೇ ಮಾತಿನಲ್ಲಿ ಹೇಳಿದ ನಾಲ್ಕು ವಾಕ್ಯಗಳಿಗೆ ಹೆಚ್ಚು ಅಂಕ ಕೊಡಿ.

ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಯೊಳಗೆ ಮೊಬೈಲಿಗೆ ಪ್ರವೇಶವಿಲ್ಲ. ಅಂದು ಮಗುವಿನ ಜೊತೆ ಒಳಗೆ ಹೋಗುವುದು ಅದು ಸ್ವತಃ ಕಲಿತದ್ದು ಮಾತ್ರ. ಅದಕ್ಕೆ ಬೇಕಾದ ಸಿದ್ಧತೆ ಇಂದಿನ ಮನೆಪಾಠದಿಂದಲೇ ಆರಂಭವಾಗಲಿ.