ವಿಂಡೋಸ್ ಮರುಸ್ಥಾಪನೆಯ ಅನಂತರ: ಡ್ರೈವರ್ ಮತ್ತು ಅಪ್‌ಡೇಟ್ ತೊಡಕುಗಳ ನಿವಾರಣೆ

(ಸಂತೇಬೆನ್ನೂರಿನಲ್ಲಿ ಗ್ರಾಮ ಪಂಚಾಯಿತಿ ಸಿಬ್ಬಂದಿಗೆ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯಲ್ಲಿ ಗಣಕಯಂತ್ರ ನಿಂತರೆ ಅದರೊಡನೆ ಸರದಿಯಲ್ಲಿರುವ ಜನರ ಕೆಲಸವೂ ನಿಲ್ಲುತ್ತದೆ. ಇ-ಸ್ವತ್ತಿನ ನಮೂನೆ 9 ಮತ್ತು 11 ದೊರೆಯದೆ ಗೃಹಸಾಲದ ಕಡತ ಬ್ಯಾಂಕಿನಲ್ಲಿ ಉಳಿಯುತ್ತದೆ. ಬಾಪೂಜಿ ಸೇವಾ ಕೇಂದ್ರಕ್ಕೆ ಬಂದವರು ಒಂದು ದಿನದ ಕೂಲಿ ಕಳೆದುಕೊಂಡು ಹಿಂತಿರುಗುತ್ತಾರೆ. ಯಂತ್ರ ನಿಧಾನವಾದಾಗ ಅಥವಾ ವೈರಸ್ ತಗುಲಿದಾಗ ವಿಂಡೋಸ್ ಅನ್ನು ಹೊಸದಾಗಿ ಹಾಕಿಸುವುದು ರೂಢಿ. ಆ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಮರುದಿನ ಪ್ರಿಂಟರ್ ಮುದ್ರಿಸುವುದಿಲ್ಲ, ಡಿಜಿಟಲ್ ಸಹಿಯ ಟೋಕನ್ ಕಾಣಿಸುವುದಿಲ್ಲ, ಹಳೆಯ ಕನ್ನಡ ಪತ್ರಗಳು ಓದಲು ಬರುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಯಂತ್ರದ ದೋಷಗಳಲ್ಲ. ಕ್ರಮ ತಪ್ಪಿದ್ದರ ಫಲಗಳು.

ಡ್ರೈವರ್ ಎಂಬುದು ಯಂತ್ರದ ಒಂದೊಂದು ಭಾಗವನ್ನೂ ವಿಂಡೋಸ್‌ಗೆ ಪರಿಚಯಿಸುವ ಸಣ್ಣ ತಂತ್ರಾಂಶ. ಸೂಳೆಕೆರೆಯಲ್ಲಿ ನೀರಿದ್ದರೂ, ಕಾಲುವೆ ಇದ್ದರೂ, ಯಾವ ತೂಬಿನಿಂದ ಯಾವ ಗದ್ದೆಗೆ ನೀರು ಹೋಗಬೇಕೆಂದು ಬಲ್ಲ ನೀರುಗಂಟಿ ಇಲ್ಲದಿದ್ದರೆ ಗದ್ದೆ ಒಣಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿದಾಗ ಹಳೆಯ ನೀರುಗಂಟಿಗಳೆಲ್ಲ ಹೋಗಿರುತ್ತಾರೆ. ಅವರನ್ನು ಸರಿಯಾದ ಕ್ರಮದಲ್ಲಿ ಮರಳಿ ಕರೆತರುವುದೇ ಮರುಸ್ಥಾಪನೆಯ ನಿಜವಾದ ಕೆಲಸ.

ಮರುಸ್ಥಾಪನೆಗೆ ಮುನ್ನ

ಪಂಚತಂತ್ರ ಮತ್ತು ಇ-ಸ್ವತ್ತಿನ ದತ್ತಾಂಶ ಇಲಾಖೆಯ ಸರ್ವರ್‌ನಲ್ಲಿರುತ್ತದೆ. ಕಚೇರಿಯ ಯಂತ್ರ ಅಳಿದರೂ ಅದು ಅಳಿಯುವುದಿಲ್ಲ. ಆದರೆ ನಡವಳಿಯ ಕರಡು, ಪತ್ರವ್ಯವಹಾರ ಹಾಗೂ ಸ್ಕ್ಯಾನ್ ಮಾಡಿದ ದಾಖಲೆಗಳು ಸಾಮಾನ್ಯವಾಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಡೌನ್‌ಲೋಡ್ಸ್ ಫೋಲ್ಡರುಗಳಲ್ಲಿರುತ್ತವೆ. ಇವನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ನಕಲಿನಿಂದ ಎರಡು ಮೂರು ಕಡತಗಳನ್ನು ತೆರೆದು ಪರೀಕ್ಷಿಸತಕ್ಕದ್ದು. ಯಂತ್ರ ಇನ್ನೂ ಚಾಲನೆಯಲ್ಲಿದ್ದರೆ, ವಿಂಡೋಸ್‌ನಲ್ಲೇ ಇರುವ ‘ಡಿಸ್ಮ್’ ಆಜ್ಞೆಯ ‘ಎಕ್ಸ್‌ಪೋರ್ಟ್ ಡ್ರೈವರ್’ ಆಯ್ಕೆಯಿಂದ ಹೊರಗಿನಿಂದ ಸ್ಥಾಪಿಸಿದ ಡ್ರೈವರುಗಳನ್ನು ಒಂದು ಫೋಲ್ಡರಿಗೆ ಉಳಿಸಿಕೊಳ್ಳಬಹುದು. ಈ ಹತ್ತು ನಿಮಿಷದ ಕೆಲಸ ಅನಂತರದ ಎರಡು ದಿನಗಳ ಹುಡುಕಾಟವನ್ನು ತಪ್ಪಿಸುತ್ತದೆ.

ಮೊದಲು ಗಡಿಯಾರ, ಅನಂತರ ಜಾಲ

ಹೊಸ ವಿಂಡೋಸ್‌ನಲ್ಲಿ ಕಾಲವಲಯ ಹಲವು ವೇಳೆ ಅಮೆರಿಕದ್ದಾಗಿರುತ್ತದೆ. ಅದನ್ನು ಭಾರತದ 5:30ಕ್ಕೆ ಬದಲಿಸಬೇಕು. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ, ಅಪ್‌ಡೇಟ್ ವಿಫಲವಾಗುತ್ತದೆ, ಸಹಿಯ ಪ್ರಮಾಣಪತ್ರವೂ ತಿರಸ್ಕೃತವಾಗಬಹುದು. ವಿದ್ಯುತ್ ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಸರಿಯುತ್ತಿದ್ದರೆ ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಮುಗಿದಿದೆ ಎಂದರ್ಥ. ಡೆಸ್ಕ್‌ಟಾಪ್ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಸಿಆರ್ 2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ. ಅದನ್ನು ಬದಲಿಸದೆ ವಿಂಡೋಸ್ ಅನ್ನು ಎಷ್ಟು ಸಲ ಹಾಕಿಸಿದರೂ ತೊಂದರೆ ತೀರದು.

ಜಾಲಸಂಪರ್ಕದ ಡ್ರೈವರ್ ಇಲ್ಲದೆ ಅಂತರಜಾಲವಿಲ್ಲ. ಅಂತರಜಾಲವಿಲ್ಲದೆ ಆ ಡ್ರೈವರ್ ಸಿಗುವುದಿಲ್ಲ. ಈ ಬಿಕ್ಕಟ್ಟಿಗೆ ಸುಲಭದ ದಾರಿ ಮೊಬೈಲ್ ಫೋನ್. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆರಂಭಿಸಿದರೆ ಸಾಮಾನ್ಯವಾಗಿ ಬೇರೆ ಡ್ರೈವರ್ ಇಲ್ಲದೆಯೇ ಸಂಪರ್ಕ ದೊರೆಯುತ್ತದೆ. ಆ ಬಳಿಕ ವಿಂಡೋಸ್ ಅಪ್‌ಡೇಟ್ ನಡೆಸಿ, ‘ಆಪ್ಷನಲ್ ಅಪ್‌ಡೇಟ್ಸ್’ ಭಾಗದಲ್ಲಿರುವ ಡ್ರೈವರುಗಳನ್ನೂ ನೋಡಬೇಕು. ಹೆಚ್ಚಿನ ಭಾಗಗಳು ಇಲ್ಲಿಯೇ ಸರಿಹೋಗುತ್ತವೆ.

ಉಳಿದವುಗಳನ್ನು ‘ಡಿವೈಸ್ ಮ್ಯಾನೇಜರ್’ ತೋರಿಸುತ್ತದೆ. ಹಳದಿ ತ್ರಿಕೋನದ ಗುರುತಿದ್ದು ಕೋಡ್ 28 ಎಂದಿದ್ದರೆ ಡ್ರೈವರ್ ಇಲ್ಲ; ಕೋಡ್ 10 ಎಂದಿದ್ದರೆ ಆ ಸಾಧನ ಚಾಲನೆಗೊಳ್ಳುತ್ತಿಲ್ಲ. ಹೆಸರೇ ತಿಳಿಯದ ಸಾಧನವಾದರೆ ಅದರ ‘ಪ್ರಾಪರ್ಟೀಸ್’, ‘ಡೀಟೇಲ್ಸ್’ನಲ್ಲಿ ‘ಹಾರ್ಡ್‌ವೇರ್ ಐಡಿ’ ನೋಡಬೇಕು. ತಯಾರಕರ ಸಂಕೇತ 8086 ಆಗಿದ್ದರೆ ಇಂಟೆಲ್, 10ಇಸಿ ಆಗಿದ್ದರೆ ರಿಯಲ್‌ಟೆಕ್. ಯಂತ್ರದ ಮಾದರಿ ಸಂಖ್ಯೆಯನ್ನು ಹಿಡಿದು ತಯಾರಕರ ಅಧಿಕೃತ ತಾಣದಿಂದಲೇ ಡ್ರೈವರ್ ಪಡೆಯಬೇಕು. ಎಲ್ಲ ಡ್ರೈವರುಗಳನ್ನೂ ಒಂದೇ ಬಾರಿಗೆ ಹಾಕುವುದಾಗಿ ಹೇಳುವ ಅಪರಿಚಿತ ತಂತ್ರಾಂಶಗಳನ್ನು ಕಚೇರಿಯ ಯಂತ್ರದಲ್ಲಿ ಬಳಸಬಾರದು.

ಅಪ್‌ಡೇಟ್ ನಡೆಯದಿದ್ದಾಗ

ಮೊದಲು ಡಿಸ್ಕ್‌ನಲ್ಲಿ ಸ್ಥಳವಿದೆಯೇ ಎಂದು ನೋಡಬೇಕು. ಫಾರ್ಮ್ಯಾಟ್ ಮಾಡದೆ ಮರುಸ್ಥಾಪಿಸಿದ್ದರೆ ‘ವಿಂಡೋಸ್ ಓಲ್ಡ್’ ಫೋಲ್ಡರ್ ಹೆಚ್ಚು ಸ್ಥಳ ಹಿಡಿದಿರುತ್ತದೆ. ಆದರೆ ಹಳೆಯ ಕಡತಗಳು ಅದರೊಳಗೆ ಉಳಿದಿರಬಹುದಾದ್ದರಿಂದ ಪರಿಶೀಲಿಸದೆ ಅಳಿಸಬಾರದು. ಅನಂತರ ಯಂತ್ರವನ್ನು ಮರುಚಾಲನೆ ಮಾಡಿ, ಸೆಟ್ಟಿಂಗ್ಸ್‌ನ ‘ಟ್ರಬಲ್‌ಶೂಟ್’ ಆಯ್ಕೆ ಬಳಸಬೇಕು. ಅಪ್‌ಡೇಟ್ ನಡೆಯುವಾಗ ವಿದ್ಯುತ್ ಹೋದರೆ ವಿಂಡೋಸ್ ಮತ್ತೆ ಕೆಡಬಹುದು. ಆದ್ದರಿಂದ ಸುಸ್ಥಿತಿಯ ಯುಪಿಎಸ್ ಇರುವಾಗ, ಜನಸಂದಣಿ ಇಲ್ಲದ ವೇಳೆಯಲ್ಲಿ ಈ ಕೆಲಸ ಹಮ್ಮಿಕೊಳ್ಳುವುದು ಉಚಿತ. ಅಪ್‌ಡೇಟ್ ಆದ ಮೇಲೆ ಒಂದು ಸಾಧನ ಮಾತ್ರ ಕೆಟ್ಟರೆ ವಿಂಡೋಸ್ ಅನ್ನು ಪುನಃ ಹಾಕಿಸುವ ಅಗತ್ಯವಿಲ್ಲ. ಡಿವೈಸ್ ಮ್ಯಾನೇಜರ್‌ನ ‘ರೋಲ್ ಬ್ಯಾಕ್ ಡ್ರೈವರ್’ ಲಭ್ಯವಿದ್ದರೆ ಹಿಂದಿನ ಡ್ರೈವರ್ ಮರಳುತ್ತದೆ.

ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ ಮತ್ತು ಟಿಪಿಎಂ 2.0 ಬೇಕು. ಈ ಅರ್ಹತೆ ಇಲ್ಲದ ಯಂತ್ರಕ್ಕೆ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಸಿದರೆ ಮುಂದಿನ ಅಪ್‌ಡೇಟ್‌ಗಳ ಖಾತರಿ ಇರುವುದಿಲ್ಲ. ಅಂಥ ಯಂತ್ರಗಳ ಪಟ್ಟಿಯನ್ನು ಲಿಖಿತವಾಗಿ ತಾಲ್ಲೂಕು ಪಂಚಾಯಿತಿಗೆ ಸಲ್ಲಿಸುವುದೇ ಸರಿಯಾದ ಮಾರ್ಗ.

ಟೋಕನ್: ಅತ್ಯಂತ ಎಚ್ಚರದ ಘಟ್ಟ

ಡಿಜಿಟಲ್ ಸಹಿಯ ಖಾಸಗಿ ಕೀಲಿ ಇರುವುದು ಟೋಕನ್‌ನೊಳಗೆ, ಯಂತ್ರದೊಳಗಲ್ಲ. ಆದ್ದರಿಂದ ವಿಂಡೋಸ್ ಅಳಿದರೂ ಸಹಿ ಅಳಿಯುವುದಿಲ್ಲ. ಟೋಕನ್‌ನ ಡ್ರೈವರ್ ಮತ್ತು ಸಹಿ ಮಾಡುವ ತಂತ್ರಾಂಶವನ್ನು ಪುನಃ ಹಾಕಿದರೆ ಸಾಕು. ಟೋಕನ್ ಕಾಣಿಸಲಿಲ್ಲವೆಂದು ‘ಇನಿಷಿಯಲೈಸ್’ ಗುಂಡಿ ಒತ್ತಿದರೆ ಒಳಗಿನ ಪ್ರಮಾಣಪತ್ರ ಅಳಿದುಹೋಗುತ್ತದೆ. ಆಗ ಹೊಸದನ್ನು ಪಡೆಯುವವರೆಗೆ ಸಹಿಯ ಕೆಲಸಗಳೆಲ್ಲ ನಿಲ್ಲುತ್ತವೆ. ಪಿನ್ ಅನ್ನು ಊಹಿಸಿ ಮತ್ತೆ ಮತ್ತೆ ಒತ್ತಿದರೂ ಟೋಕನ್ ಬಂದ್ ಆಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯವೊಂದುಂಟು. ದುರಸ್ತಿಗೆ ಬಂದವರ ಕೈಗೆ ‘ಪರೀಕ್ಷಿಸಿ ನೋಡಿ’ ಎಂದು ಟೋಕನ್ ಮತ್ತು ಪಿನ್ ಎರಡನ್ನೂ ಕೊಡುವುದು, ಖಾಲಿ ಕಾಗದಕ್ಕೆ ಸಹಿ ಹಾಕಿ ಮೊಹರೊತ್ತಿ ಕೊಟ್ಟಂತೆ. ಆ ಸಹಿಯ ಕೆಳಗೆ ನಾಳೆ ಯಾರ ಮನೆ ಯಾರ ಹೆಸರಿಗೆ ಬರುವುದೋ ಹೇಳಲಾಗದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 42ನೇ ಪ್ರಕರಣವು ಖಾಸಗಿ ಕೀಲಿಯನ್ನು ಜೋಪಾನವಾಗಿಡುವ ಹೊಣೆಯನ್ನು ಪ್ರಮಾಣಪತ್ರ ಪಡೆದವರ ಮೇಲೆಯೇ ಹೊರಿಸಿದೆ. ಕೀಲಿ ಅನ್ಯರ ವಶವಾದರೆ ವಿಳಂಬವಿಲ್ಲದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ ಹೇಳಿದೆ. ಟೋಕನ್ ಜೋಡಿಸುವುದು, ಪಿನ್ ಒತ್ತುವುದು, ಕೆಲಸ ಮುಗಿದೊಡನೆ ಕಳಚಿಕೊಳ್ಳುವುದು ಇವೆಲ್ಲ ಅದರ ಒಡೆಯರಿಂದಲೇ ಆಗತಕ್ಕದ್ದು.

ಕನ್ನಡದ ಕಡತಗಳು

ಹಳೆಯ ನುಡಿ ಫಾಂಟಿನ ಕಡತವನ್ನು ಹೊಸ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಕಡತ ಕೆಟ್ಟಿದೆಯೆಂದು ತಿಳಿದು ಅಳಿಸಬಾರದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವನ್ನು ಸ್ಥಾಪಿಸಿದೊಡನೆ ಅಕ್ಷರಗಳು ಮರಳುತ್ತವೆ. ಅದರೊಂದಿಗಿರುವ ಪರಿವರ್ತಕದಿಂದ ಅಂಥ ಕಡತಗಳನ್ನು ಯುನಿಕೋಡ್‌ಗೆ ಬದಲಿಸಿಟ್ಟರೆ ಮುಂದಿನ ಮರುಸ್ಥಾಪನೆಯಲ್ಲಿ ಈ ತೊಡಕು ಇರುವುದಿಲ್ಲ. ಯುನಿಕೋಡ್‌ನ ‘ತುಂಗ’ ಫಾಂಟ್ ಕಾಣಿಸದಿದ್ದರೆ ವಿಂಡೋಸ್‌ನ ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಆಯ್ದುಕೊಳ್ಳಬೇಕು.

ಕಡೆಯದಾಗಿ, ಪ್ರತಿ ಯಂತ್ರಕ್ಕೂ ಒಂದು ವಹಿ ಇರಲಿ. ಮಾದರಿ ಸಂಖ್ಯೆ, ಪ್ರಿಂಟರ್ ಮತ್ತು ಟೋಕನ್‌ಗಳ ಹೆಸರು, ಡ್ರೈವರ್ ಪಡೆದ ತಾಣ, ಮರುಸ್ಥಾಪಿಸಿದ ದಿನಾಂಕ, ಕೆಲಸ ಮಾಡಿದವರ ಹೆಸರು ಅದರಲ್ಲಿರಲಿ. ಪಿನ್ ಮಾತ್ರ ಎಂದಿಗೂ ಬರೆಯುವುದು ಬೇಡ. ಸಿಬ್ಬಂದಿ ವರ್ಗಾವಣೆಯಾಗಿ ಹೋದರೂ ವಹಿ ಕಚೇರಿಯಲ್ಲಿ ಉಳಿಯುತ್ತದೆ. ಮುಂದೆ ಆ ಕುರ್ಚಿಗೆ ಬರುವವರು ಅದನ್ನು ತೆರೆದು, ಜನರನ್ನು ಕಾಯಿಸದೆ ಕೆಲಸ ಆರಂಭಿಸಬಹುದು.