ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2004ನೇ ಇಸವಿಯ ಎಸ್ಸೆಸ್ಸೆಲ್ಸಿ ತಂಡದವನು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಮಿತಿಯವರು ಫೋನ್ ಮಾಡಿ, ‘ತಂತ್ರಜ್ಞಾನ ಮತ್ತು ಭವಿಷ್ಯ’ ಎಂಬ ವಿಷಯದ ಮೇಲೆ ಹದಿನೈದು ನಿಮಿಷ ಮಾತಾಡು ಎಂದರು. ಭವಿಷ್ಯ ಹೇಳುವುದು ನನ್ನಿಂದಾಗದ ಕೆಲಸ. ಅದರ ಬದಲು, ಈಗ ನಮ್ಮ ಸುತ್ತಿನ ಮನೆಗಳಿಗೆಲ್ಲ ಬರುತ್ತಿರುವ ಫೈಬರ್ ಇಂಟರ್‌ನೆಟ್ಟಿನ ಬಗ್ಗೆ ಮಾತಾಡುತ್ತೇನೆ. ಅದನ್ನು ನಮ್ಮ ಮನೆಗೆ ಹಾಕಿಸುವಾಗ ಇಂಜಿನಿಯರ್ ಆದ ನಾನೇ ತಪ್ಪು ಮಾಡಿದೆ. ಆ ತಪ್ಪಿನ ಪಾಠ ಈ ಶಾಲೆಯಲ್ಲೇ ನಡೆದಿತ್ತು ಎನ್ನುವುದು ತಮಾಷೆ.

ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಪ್ಲಾಸ್ಟಿಕ್ ಬಾಟಲಿಯ ಕೆಳಭಾಗಕ್ಕೆ ಮೊಳೆ ಕಾಯಿಸಿ ತೂತು ಮಾಡಿ, ನೀರು ತುಂಬಿ, ಎದುರು ಬದಿಯಿಂದ ಟಾರ್ಚ್ ಹಿಡಿದರು. ತೂತಿನಿಂದ ಹೊರಟ ನೀರಿನ ಧಾರೆ ಬಾಗಿ ಕೆಳಗೆ ಬೀಳುತ್ತಿತ್ತು, ಬೆಳಕೂ ಅದರ ಜೊತೆಗೇ ಬಾಗಿ ಬಂದು ನನ್ನ ಅಂಗೈ ಮೇಲೆ ಬಿತ್ತು. ಪೂರ್ಣ ಆಂತರಿಕ ಪ್ರತಿಫಲನ. ಪರೀಕ್ಷೆಗೆ ಬಂದರೆ ನಾಲ್ಕು ಅಂಕ ಎಂದು ಬರೆದುಕೊಂಡೆವು. ಫೈಬರ್ ಎಂದರೆ ಅಷ್ಟೇ, ನೀರಿನ ಧಾರೆಯ ಬದಲು ಕೂದಲೆಳೆಯಂಥ ಗಾಜು. ಅಂಥ ಗಾಜಿನಲ್ಲಿ ದೂರದೂರಕ್ಕೆ ಸುದ್ದಿ ಕಳಿಸಬಹುದು ಎಂದು 1966ರಲ್ಲಿ ಲೆಕ್ಕ ಹಾಕಿ ತೋರಿಸಿದ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದೆ. ನಮ್ಮ ಮನೆ ಹೇಗಿದೆ ಎಂದು ಇಲ್ಲಿ ಹಲವರಿಗೆ ಗೊತ್ತು. ಮೂರು ಕಡೆ ಗುಡ್ಡ, ಕೆಳಗೆ ಅಡಿಕೆ ತೋಟ, ಮನೆಯೊಳಗೆ ಮೊಬೈಲ್ ಸಿಗ್ನಲ್ ಸೊನ್ನೆ. ಹಳೆಯ ಲ್ಯಾಂಡ್‌ಲೈನ್ ಸತ್ತು ವರ್ಷಗಳಾಗಿದ್ದವು. ಹಾಗಾಗಿ ಮಳೆ ಹಿಡಿಯುವವರೆಗೆ ಗುಡ್ಡದ ಮೇಲಿನ ಬಂಡೆಯೇ ನನ್ನ ಆಫೀಸು. ನನ್ನ ಪಕ್ಕದಲ್ಲೇ ಕೊಡೆ ಹಿಡಿದು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ.

ಆಗ ಒಬ್ಬರು ಫೈಬರ್ ಎಳೆದುಕೊಡುತ್ತೇವೆ ಎಂದು ಬಂದರು. ಯಾವ ಕಂಪನಿ ಎನ್ನುವುದು ಬೇಡ. ನಾನು ಕೇಳಿದ್ದು ಒಂದೇ ಪ್ರಶ್ನೆ: ಸ್ಪೀಡ್ ಎಷ್ಟು? ನೂರು ಎಂಬಿಪಿಎಸ್ ಎಂದರು. ಆರು ತಿಂಗಳ ದುಡ್ಡು ಮುಂಗಡ ಕೊಟ್ಟೆ. ಒಂದೇ ದಿನದಲ್ಲಿ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿಕೊಂಡು ಬಂದು ಮನೆಯೊಳಗೆ ಡಬ್ಬಿ ಇಟ್ಟುಹೋದರು. ಅಪ್ಪಯ್ಯ ಜಗುಲಿಯಲ್ಲಿ ಕೂತು ನೋಡುತ್ತಿದ್ದವರು, “ಮಾಣೀ, ಗಾಳಿ ಬಂದ್ರೆ ಮರ ತೂಗ್ತದಲ್ಲ, ಇದು ತೂಗದೆ ಇರ್ತದಾ?” ಎಂದರು. ಅಪ್ಪಯ್ಯ ಏಳನೇ ತರಗತಿ ಓದಿದವರು. ನಾನು ಬಿ.ಇ. ನಕ್ಕುಬಿಟ್ಟೆ.

2022ರ ಹೊತ್ತಿಗೆ ಆಫೀಸಿನವರು ವಾಪಸ್ ಕರೆದರು, ನಾನು ಬೆಂಗಳೂರಿಗೆ ಹೋದೆ. ಅಪ್ಪಯ್ಯ ಅಮ್ಮ ಇಬ್ಬರೇ. ವೈ-ಫೈ ಇದ್ದರೆ ಅಮ್ಮನ ಮೊಬೈಲಿಗೆ ಮನೆಯೊಳಗೇ ಕಾಲ್ ಬರುವಂತೆ ಮಾಡಿಟ್ಟಿದ್ದೆ. ಆಗಾಗ ಡಬ್ಬಿಯಲ್ಲಿ ಕೆಂಪು ದೀಪ ಬರುತ್ತಿತ್ತು, ದೂರು ಕೊಟ್ಟರೆ “ನಾಳೆ ಬರ್ತಾರೆ ಸಾರ್” ಎನ್ನುತ್ತಿದ್ದರು, ನಾಲ್ಕು ದಿನ ಬಿಟ್ಟು ಬರುತ್ತಿದ್ದರು. ಅದಕ್ಕೂ ಒಗ್ಗಿಹೋಗಿದ್ದೆವು.

ಆ ವರ್ಷ ಜುಲೈನಲ್ಲಿ ಹಿಡಿದ ಮಳೆಗೆ ಮರ ಬಿದ್ದು ಕರೆಂಟು ಹೋಯಿತು. ಮನೆಯ ಇನ್ವರ್ಟರ್ ದೀಪ, ಫ್ಯಾನು, ಟೀವಿ ಎಲ್ಲಕ್ಕೂ ಹಂಚಿ ಹಂಚಿ ಮಾರನೇ ದಿನ ಮಧ್ಯಾಹ್ನಕ್ಕೆ ಕೈಚೆಲ್ಲಿತು. ಇಂಟರ್‌ನೆಟ್ ಡಬ್ಬಿಯೂ ಆರಿತು. ಆ ರಾತ್ರಿ ಎಂಟೂವರೆಗೆ ಅಪ್ಪಯ್ಯ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಏಳಲಾಗಲಿಲ್ಲ. ಅಮ್ಮ ಮೊಬೈಲ್ ಎತ್ತಿಕೊಂಡರೆ ಅದರಲ್ಲಿ ಏನೂ ಇಲ್ಲ. ಅಪ್ಪಯ್ಯನ ಮೇಲೆ ಕಂಬಳಿ ಹೊದೆಸಿ, ಟಾರ್ಚ್ ಹಿಡಿದು, ತುಂಬಿದ ಹಳ್ಳದ ಸಂಕ ದಾಟಿ ಮೇಲಿನಮನೆಗೆ ಹೋಗಿ ಕರೆದಳು. ಅವರು ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಸೊಂಟದ ಮೂಳೆ ಮುರಿದಿತ್ತು.

ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ. ಆಗ ನಾನು ಒಂದು ಮೀಟಿಂಗಿನಲ್ಲಿದ್ದೆ. ನಮ್ಮ ಗ್ರಾಹಕರಿಗೆ ನಾವು ಶೇಕಡಾ 99.9ರಷ್ಟು ಹೊತ್ತು ಸೇವೆ ನಿಲ್ಲುವುದಿಲ್ಲ ಎಂದು ಬರೆದುಕೊಟ್ಟಿರುತ್ತೇವೆ. ಅಂದರೆ ಇಡೀ ವರ್ಷದಲ್ಲಿ ಎಂಟೂಮುಕ್ಕಾಲು ಗಂಟೆ ಮಾತ್ರ ನಿಲ್ಲಬಹುದು. ಆ ಲೆಕ್ಕ ಹೇಳುತ್ತಿದ್ದವನು ನಾನೇ. ನನ್ನ ಅಮ್ಮನ ಫೋನು ನಿಂತು ಅಷ್ಟು ಹೊತ್ತಿಗೆ ಇಪ್ಪತ್ತು ಗಂಟೆ ಮೀರಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಅಮ್ಮ ಒಂದು ಮಾತು ಕೇಳಿದಳು: “ಮೊದ್ಲಿನ ಫೋನು ಕರೆಂಟು ಹೋದ್ರೂ ನಡೀತಿತ್ತಲ್ಲೋ, ಇದ್ಯಾಕೆ ನಡೆಯೂದಿಲ್ಲ?” ಉತ್ತರ ನನಗೆ ಗೊತ್ತಿತ್ತು, ಯೋಚಿಸಿರಲಿಲ್ಲ. ಹಳೆಯ ಫೋನಿನ ತಾಮ್ರದ ತಂತಿಯಲ್ಲಿ ಮಾತಿನ ಜೊತೆಗೆ 48 ವೋಲ್ಟಿನ ಕರೆಂಟೂ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಅಲ್ಲಿ ದೊಡ್ಡ ಬ್ಯಾಟರಿಗಳಿದ್ದವು. ನಮ್ಮ ಮನೆ ಕತ್ತಲಲ್ಲಿದ್ದರೂ ಫೋನಿಗೆ ಬೇರೆಯವರು ಅನ್ನ ಹಾಕುತ್ತಿದ್ದರು. ಗಾಜಿನಲ್ಲಿ ಬೆಳಕು ಮಾತ್ರ ಬರುತ್ತದೆ. ಆ ಬೆಳಕನ್ನು ಮಾತು ಮಾಡುವ ಡಬ್ಬಿಗೆ ಕರೆಂಟು ನಾವೇ ಕೊಡಬೇಕು. ಮೇಷ್ಟ್ರು ತೋರಿಸಿದ ನೀರಿನ ಧಾರೆಯಲ್ಲೂ ಬೆಳಕು ಬಂದಿತ್ತೇ ಹೊರತು ನನ್ನ ಕೈಗೆ ಶಾಕ್ ಹೊಡೆದಿರಲಿಲ್ಲ!

ಅಪ್ಪಯ್ಯ ಕೋಲು ಹಿಡಿದು ಓಡಾಡುವಂತಾದ ಮೇಲೆ ಎರಡನೇ ಸಲ ಸಂಪರ್ಕ ಹಾಕಿಸಿದೆ. ಈ ಸಲ ಸ್ಪೀಡ್ ಕೊನೆಗೆ ಕೇಳಿದೆ. ಮೊದಲು ಆ ಲೈನಿನಲ್ಲಿ ಆಗಲೇ ಇದ್ದ ಮೂರು ಮನೆಗಳಿಗೆ ಹೋಗಿ, ಕಳೆದ ಆಷಾಢದಲ್ಲಿ ಎಷ್ಟು ದಿನ ನಿಂತಿತ್ತು, ರಿಪೇರಿಗೆ ಬರುವವನ ಊರು ಯಾವುದು ಎಂದು ಕೇಳಿದೆ. ರಿಪೇರಿಯವನು ಎಂಟು ಕಿಲೋಮೀಟರಿನೊಳಗೆ ಇದ್ದರೆ ಅದೇ ಒಳ್ಳೆಯ ಪ್ಲಾನ್. ಇನ್ನೊಂದು ಪ್ರಶ್ನೆ: ಅವರ ಕಡೆಯ ಯಂತ್ರಕ್ಕೆ ಬ್ಯಾಟರಿ ಅಥವಾ ಜನರೇಟರ್ ಇದೆಯೇ? ಅಲ್ಲಿ ಆರಿದರೆ ನಮ್ಮ ಮನೆಯಲ್ಲಿ ಎಷ್ಟು ಬ್ಯಾಟರಿ ಇಟ್ಟರೂ ದಂಡ. ಈ ಪ್ರಶ್ನೆ ಕೇಳಿದಾಗ ಒಬ್ಬರು ತಲೆ ಕೆರೆದುಕೊಂಡರು, ಇನ್ನೊಬ್ಬರು ಕರೆದುಕೊಂಡು ಹೋಗಿ ತೋರಿಸಿದರು. ತೋರಿಸಿದವರ ಹತ್ತಿರ ತೆಗೆದುಕೊಂಡೆ.

ಸ್ಪೀಡಿನ ಬಗ್ಗೆ ಇಷ್ಟು ಸಾಕು. ಎಂಬಿಪಿಎಸ್ ಎಂದಾಗ ಬಿಟ್ ಲೆಕ್ಕ, ಫೋನಿನಲ್ಲಿ ಫೈಲ್ ಇಳಿಯುವಾಗ ಕಾಣುವುದು ಬೈಟ್ ಲೆಕ್ಕ. ಎಂಟರಿಂದ ಭಾಗಿಸಿ. ನಲವತ್ತರ ಪ್ಲಾನ್ ಎಂದರೆ ಸೆಕೆಂಡಿಗೆ ಐದು ಎಂಬಿ. ಒಂದು ವಿಡಿಯೋ ಕಾಲಿಗೆ ಮೂರು ನಾಲ್ಕು ಎಂಬಿಪಿಎಸ್ ಸಾಕಾಗುತ್ತದೆ, ಹಾಗಾಗಿ ಇಬ್ಬರು ಹಿರಿಯರಿರುವ ಮನೆಗೆ ನೂರು ಇನ್ನೂರು ಯಾಕೆ? ‘ಅನ್‌ಲಿಮಿಟೆಡ್’ ಎಂದು ಬರೆದಿದ್ದರೆ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ. ಇಷ್ಟು ಜಿಬಿ ಆದ ಮೇಲೆ ಸ್ಪೀಡ್ ಇಳಿಸುತ್ತೇವೆ ಎಂದು ಅಲ್ಲಿರುತ್ತದೆ.

ಬೆಳಕಿನ ಅಳತೆ ಮಾತ್ರ ಖಂಡಿತ ಕೇಳಿ. ಜೋಡಣೆ ಮಾಡಲು ಬಂದವನ ಹತ್ತಿರ ಅಂಗೈ ಅಗಲದ ಮೀಟರ್ ಇರುತ್ತದೆ. ಅದರಲ್ಲಿ ಮೈನಸ್ 20 ಡಿಬಿಎಂ ಎಂದು ಬಂದರೆ ಒಂದು ಮಿಲಿವ್ಯಾಟಿನ ನೂರನೇ ಒಂದು ಪಾಲು ಬೆಳಕು ಬರುತ್ತಿದೆ ಎಂದರ್ಥ, ಅದು ಚೆನ್ನಾಗಿಯೇ ಇದೆ. ಪ್ರತಿ ಮೂರು ಇಳಿದಾಗ ಬೆಳಕು ಅರ್ಧವಾಗುತ್ತದೆ. ಮೈನಸ್ 28ರ ಹತ್ತಿರ ಡಬ್ಬಿಗೆ ಕಣ್ಣು ಕಾಣುವುದಿಲ್ಲ, ಕೆಂಪು ದೀಪ. ನಮ್ಮ ಹಳೆಯ ಲೈನ್ ಮೈನಸ್ 27ರಲ್ಲಿತ್ತು. ತೂಗುವ ಅಡಿಕೆ ಮರ, ಬಿಗಿಯಾಗಿ ಮಡಚಿ ಕಟ್ಟಿದ ತಿರುವು, ಟೇಪ್ ಸುತ್ತಿದ ಜೋಡಣೆ ಎಲ್ಲ ಸೇರಿ ಬೆಳಕನ್ನು ತಿಂದಿದ್ದವು. ಅಪ್ಪಯ್ಯ ಕೇಳಿದ ಪ್ರಶ್ನೆಗೆ ಉತ್ತರ ಅದು. ಈಗ ತಂತಿ ರಸ್ತೆಯ ಕಂಬಗಳ ಮೇಲೆ ಬರುತ್ತದೆ, ಸುತ್ತು ಜಾಸ್ತಿಯಾದರೂ ಆಗಲಿ ಎಂದು ದುಡ್ಡು ಕೊಟ್ಟೆ. ಮಕ್ಕಳೇ, ಮನೆಯಲ್ಲಿ ಆ ತಂತಿ ತುಂಡಾದರೆ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಇನ್ನು ಬ್ಯಾಟರಿ. ಡಬ್ಬಿ ತಿನ್ನುವುದು ಸುಮಾರು ಹತ್ತು ವ್ಯಾಟ್. ಬೇಕಾದದ್ದು 12 ವೋಲ್ಟ್. ಹನ್ನೆರಡು ವೋಲ್ಟಿನ 40 ಎಎಚ್ ಬ್ಯಾಟರಿಯಲ್ಲಿ 480 ವ್ಯಾಟ್-ಗಂಟೆ ಇರುತ್ತದೆ. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 240. ಹತ್ತರಿಂದ ಭಾಗಿಸಿದರೆ ಒಂದು ಹಗಲು ಒಂದು ರಾತ್ರಿ. ಮನೆಯ ಸೋಲಾರ್ ದೀಪದ ಬ್ಯಾಟರಿಯನ್ನೇ ಇದಕ್ಕೆ ಮೀಸಲಿಟ್ಟೆ, ಮೋಡವಿದ್ದರೂ ಹಗಲು ಸ್ವಲ್ಪ ತುಂಬಿಕೊಳ್ಳುತ್ತದೆ. ನೇರವಾಗಿ ಕೊಡಬೇಡಿ, ಚಾರ್ಜ್ ಆಗುವಾಗ ಅದು 14 ವೋಲ್ಟ್ ದಾಟುತ್ತದೆ. ನಡುವೆ 12 ವೋಲ್ಟಿಗೆ ಇಳಿಸಿ ನಿಲ್ಲಿಸುವ ಪುಟ್ಟ ಕನ್ವರ್ಟರ್ ಬೇಕು. ಅದಕ್ಕೆ ಟೀವಿ, ಫ್ಯಾನು ಯಾವುದನ್ನೂ ಸೇರಿಸಿಲ್ಲ. ಸೇರಿಸುವುದಿಲ್ಲ ಎಂದು ಅಮ್ಮನೂ ಮಾತು ಕೊಟ್ಟಿದ್ದಾಳೆ.

ಇದರಿಂದ ನಾನು ಎಣಿಸದ ಇನ್ನೊಂದು ಲಾಭವಾಯಿತು. ನಮ್ಮಲ್ಲಿ ಸಿಡಿಲಿನ ಕಾಟ ಗೊತ್ತಲ್ಲ, ಗುಡುಗು ಕೇಳಿದರೆ ಮನೆಮನೆಯಲ್ಲೂ ಪ್ಲಗ್ ಕೀಳುತ್ತಾರೆ. ಗಾಜು ಸಿಡಿಲನ್ನು ಒಳಗೆ ತರುವುದಿಲ್ಲ, ತರುವುದು ಅಡಾಪ್ಟರಿನ ಪ್ಲಗ್. ಈಗ ಮುಖ್ಯ ಲೈನಿನ ಪ್ಲಗ್ ಕಿತ್ತರೂ ಫೋನ್ ನಡೆಯುತ್ತಿರುತ್ತದೆ. ಆದರೆ ಕೆಲವು ತಂತಿಗಳಲ್ಲಿ ಗಾಜಿನ ಪಕ್ಕ ಬಲಕ್ಕೆಂದು ಉಕ್ಕಿನ ಸರಿಗೆ ಇರುತ್ತದೆ. ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ, ಲೋಹವಿಲ್ಲದ ತಂತಿ ಕೇಳಿ.

ಡಬ್ಬಿ ಮೊದಲು ಕೋಣೆಯ ಕಬ್ಬಿಣದ ಬೀರುವಿನ ಹಿಂದೆ ಇತ್ತು, ಚಂದ ಕಾಣಲಿ ಅಂತ. ಒಂದೂವರೆ ಅಡಿ ಮಣ್ಣಿನ ಗೋಡೆ ದಾಟಲು ವೈ-ಫೈಗೆ ಕಷ್ಟ. ಈಗ ನಡುಮನೆಯಲ್ಲಿ, ಆಳೆತ್ತರದಲ್ಲಿದೆ. ದೂರದ ಕೋಣೆಗೆ 5 ಗಿಗಾಹರ್ಟ್ಸ್ ಹೆಸರಿನದ್ದಕ್ಕಿಂತ 2.4 ಚೆನ್ನಾಗಿ ತಲುಪುತ್ತದೆ. ಅದೇ ಡಬ್ಬಿಯ ಹಿಂದೆ ಲ್ಯಾಂಡ್‌ಲೈನ್ ಸಿಕ್ಕಿಸುವ ತೂತೂ ಇದೆ. ಅಟ್ಟದಲ್ಲಿದ್ದ ಹಳೆಯ ಫೋನನ್ನು ಒರೆಸಿ ಅಪ್ಪಯ್ಯನ ಮಂಚದ ಪಕ್ಕ ಇಟ್ಟೆ, ಅದಕ್ಕೆ ಬೆರಳು ಉಜ್ಜಬೇಕಿಲ್ಲ.

ಬೆಳಕಿನ ಅಳತೆಯನ್ನು ಮೊಬೈಲಿನಲ್ಲೇ ಡಬ್ಬಿಯ ಪುಟ ತೆರೆದು ನೋಡಬಹುದು. ಪ್ರತಿ ಭಾನುವಾರ ಮೇಲಿನಮನೆಯ ಹುಡುಗಿ ಬಂದು ಅದನ್ನು ನೋಡಿ ಹೇಳುತ್ತಾಳೆ. ಅಪ್ಪಯ್ಯನ ಬಿಪಿ ಬರೆಯುವ ಪುಸ್ತಕದಲ್ಲೇ, ಪಕ್ಕದ ಸಾಲಿನಲ್ಲಿ, ಅಮ್ಮ ಅದನ್ನೂ ಬರೆಯುತ್ತಾಳೆ. ಹೋದ ವರ್ಷ ಮಳೆಗಾಲದಲ್ಲಿ ಅದು ಎರಡು ವಾರದಲ್ಲಿ 21ರಿಂದ 24ಕ್ಕೆ ಇಳಿದದ್ದು ನೋಡಿ, ಕೆಂಪು ದೀಪ ಬರುವ ಮೊದಲೇ ಫೋನ್ ಮಾಡಿ ರಿಪೇರಿಯವನನ್ನು ಕರೆಸಿದವಳು ಅಮ್ಮನೇ. ಜೋಡಣೆಯ ಡಬ್ಬಿಯಲ್ಲಿ ಇರುವೆ ಗೂಡು ಕಟ್ಟಿತ್ತಂತೆ. ಆ ಹುಡುಗಿ ಇಲ್ಲೇ ಎಂಟನೇ ತರಗತಿಯ ಸಾಲಿನಲ್ಲಿ ಕೂತಿದ್ದಾಳೆ, ಹೆಸರು ಹೇಳಿದರೆ ನಾಚಿಕೊಳ್ಳುತ್ತಾಳೆ.

ನಮ್ಮ ತಂಡದವರು ಸೇರಿ ಶಾಲೆಯ ಕಂಪ್ಯೂಟರ್ ಕೊಠಡಿಯ ಡಬ್ಬಿಗೆ ಇಂಥದ್ದೇ ಒಂದು ಬ್ಯಾಟರಿ ತಂದಿದ್ದೇವೆ, ಊಟದ ನಂತರ ಜೋಡಿಸುತ್ತೇವೆ. ನನ್ನ ಚೀಲದಲ್ಲಿ ಮೀಟರೂ ಇದೆ, ನಾಳೆ ಮಧ್ಯಾಹ್ನದವರೆಗೆ ಊರಲ್ಲಿರುತ್ತೇನೆ. ಯಾರ ಮನೆಯಲ್ಲಿ ಕೆಂಪು ದೀಪ ಬರುತ್ತದೆಯೋ ಅವರು ಮನೆಯ ಗುರುತು ಬರೆದು ಕೊಡಿ, ಬಂದು ಅಳೆದುಕೊಡುತ್ತೇನೆ. ಕಾಫಿ ಕೊಟ್ಟರೆ ಸಾಕು.