ಸುಣ್ಣದ ಗೆರೆ ಎಳೆದವರು

1968-69ರಲ್ಲಿ ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅದು ನಮ್ಮ ನಾಡಿಗೆ ಮತ್ತೆ ಒಲಿದದ್ದು 2023ರಲ್ಲಿ, ದೂರದ ರಿಯಾದ್ ನಗರದಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವಿನ 54 ವರ್ಷ ಕಾಲ್ಚೆಂಡಾಟದ ಉಸಿರನ್ನು ಕಾದವರು ಯಾರು? ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳಲ್ಲಿ ಬೆಳಗಾಗುವ ಮುನ್ನ ಸುಣ್ಣದ ಗೆರೆ ಎಳೆದವರು. ಹರಿದ ಚೆಂಡಿಗೆ ಹೊಲಿಗೆ ಹಾಕಿಸಿದವರು. ಎರಡು ಕಡೆಯವರ ಬೈಗುಳವನ್ನೂ ನುಂಗಿಕೊಂಡು ಸೀಟಿ ಊದಿದವರು. ಸಂಬಳವಿಲ್ಲದ ಈ ದುಡಿಮೆಗೆ ನಾವು ಸಲ್ಲಿಸುವುದು ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಅದೂ ಹಿರಿಯರು ವೇದಿಕೆಯ ಮೆಟ್ಟಿಲು ಹತ್ತಲಾರದ ವಯಸ್ಸಿನಲ್ಲಿ. ಅಂದಿನ ಭಾಷಣಗಳಂತೂ ಪಂದ್ಯಕ್ಕಿಂತ ದೀರ್ಘ! ಶಾಲು ಬೇಡವೆನ್ನಲಾರೆ. ಆದರೆ ಯಾವ ಹುಡುಗ ಯಾವ ವರ್ಷ ಯಾವ ಮೈದಾನದಲ್ಲಿ ಆಡಿದನೆಂಬುದು ಬಹುಪಾಲು ಅವರ ನೆನಪಿನಲ್ಲಷ್ಟೇ ಉಳಿದಿದೆ. ಸನ್ಮಾನದ ದಿನ ಧ್ವನಿವರ್ಧಕವನ್ನು ಅವರ ಮುಂದಿರಿಸಿ, ಅವರು ನುಡಿದದ್ದನ್ನು ಯಾರಾದರೂ ಬರೆದುಕೊಳ್ಳಲಿ.